ನಾವು ತೆರುವ ಎರಡು ಸುಂಕ

ಬಂದಿರುವ ಯಂತ್ರಗಳ ಸುದ್ದಿಗಿಂತ ಬರಲಿರುವ ಯಂತ್ರಗಳ ಗಾಳಿಸುದ್ದಿಗೆ ಇಂದು ಹೆಚ್ಚು ಬೆಲೆ. 2025ರ ನವೆಂಬರಿನಲ್ಲಿ ವಾಲ್ವ್ ಕಂಪನಿ ತನ್ನ ಸ್ಟೀಮ್ ಮಷೀನನ್ನು ಬೆಲೆ ಹೇಳದೆ ಘೋಷಿಸಿದಾಗ, ಆ ಬೆಲೆಯನ್ನು ಊಹಿಸುವುದೇ ಒಂದು ಉದ್ಯೋಗವಾಯಿತು. ಜಿಟಿಎ ಆರನೆಯ ಆಟ 2025ರಿಂದ 2026ರ ಮೇ 26ಕ್ಕೆ, ಅಲ್ಲಿಂದ ನವೆಂಬರ್ 19ಕ್ಕೆ ಮುಂದೆ ಹೋದದ್ದನ್ನು ಜನ ಸ್ವಂತ ಮನೆಯ ಮದುವೆ ಮುಂದೂಡಲ್ಪಟ್ಟಂತೆ ಚರ್ಚಿಸಿದರು. 2024ರ ನವೆಂಬರಿನಲ್ಲಿ ಸೋನಿಯ ಪ್ಲೇಸ್ಟೇಷನ್ 5 ಪ್ರೊ ಹಲವು ದೇಶಗಳಿಗೆ ಬಂದು, 6 ಗಿಗಾಹರ್ಟ್ಸ್ ತರಂಗಾಂತರಕ್ಕೆ ಇಲ್ಲಿ ಅನುಮತಿ ಇಲ್ಲವೆಂಬ ಕಾರಣಕ್ಕೆ ಭಾರತಕ್ಕೆ ಬಾರದೆ ಹೋದಾಗ, ದೇಶಕ್ಕೇ ಅವಮಾನವಾಯಿತೆಂದು ಹಲವರು ಮರುಗಿದರು. ನಾಸಿಕ್‌ನ ಎಂ.ಜಿ. ರಸ್ತೆಯ ಮೊಬೈಲ್ ಅಂಗಡಿಗಳಲ್ಲಿ, ಛತ್ರಪತಿ ಸಂಭಾಜಿನಗರದ ಪೈಠಣ್ ಗೇಟಿನ ಸಾಲಿನಲ್ಲಿ ನಿಂತು ಕೇಳಿದರೆ ಇಂಥ ಮಾತು ಧಾರಾಳವಾಗಿ ಕಿವಿಗೆ ಬೀಳುತ್ತದೆ. ಎಷ್ಟು ಜಿಬಿ, ಎಷ್ಟು ಹರ್ಟ್ಸ್, ಎಷ್ಟು ವ್ಯಾಟ್ ಎಂಬ ಪ್ರಶ್ನೆಗಳಿಗೆ ಬರವಿಲ್ಲ. ಈ ಯಂತ್ರ ನನ್ನ ಭಾಷೆಯನ್ನು ಓದೀತೆ, ಕೇಳೀತೆ, ಬರೆದೀತೆ ಎಂಬ ಪ್ರಶ್ನೆಯೊಂದು ಮಾತ್ರ ಕೇಳಿಬರುವುದಿಲ್ಲ.

ಗ್ಯಾಜೆಟ್ಟುಗಳ ಮೋಹವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಹೊಸದನ್ನು ಬಯಸುವುದು ಮನುಷ್ಯ ಸಹಜ. ನಮ್ಮ ತಕರಾರು ಬೇರೆ. ಕಳೆದ ಒಂದೆರಡು ವರ್ಷಗಳ ಯಂತ್ರವಾರ್ತೆಯನ್ನು ಕನ್ನಡದ ಕಣ್ಣಿನಿಂದ ಓದಿದರೆ, ಕನ್ನಡಿಗ ಗ್ರಾಹಕ ಎರಡು ಸುಂಕ ತೆರುತ್ತಿದ್ದಾನೆಂಬುದು ಕಾಣುತ್ತದೆ. ಒಂದನ್ನು ಎಲ್ಲರೊಡನೆ ತೆರುತ್ತಾನೆ, ಮತ್ತೊಂದನ್ನು ತನ್ನ ಭಾಷೆಯ ಕಾರಣಕ್ಕೆ ತೆರುತ್ತಾನೆ. ಮೊದಲನೆಯದರ ಬಗ್ಗೆ ದಿನವೂ ಸುದ್ದಿ. ಎರಡನೆಯದರ ಬಗ್ಗೆ ಮೌನ.

ಮೊದಲನೆಯದನ್ನು ಬೇಗ ಹೇಳಿ ಮುಗಿಸಬಹುದು. ಕಂಪ್ಯೂಟರು, ಫೋನು, ಆಟದ ಯಂತ್ರ ಎಲ್ಲಕ್ಕೂ ಬೇಕಾದ ಡಿರ್ಯಾಮ್ ಮೆಮೊರಿಯ ಬಹುಪಾಲನ್ನು ಜಗತ್ತಿನಲ್ಲಿ ಮೂರೇ ಕಂಪನಿಗಳು ತಯಾರಿಸುತ್ತವೆ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗೆ ಪದರದ ಮೇಲೆ ಪದರ ಪೇರಿಸಿದ ವಿಶೇಷ ಮೆಮೊರಿ ಬೇಕು. ಅಷ್ಟೇ ಸಾಮರ್ಥ್ಯದ ಸಾಮಾನ್ಯ ಮೆಮೊರಿಗಿಂತ ಅದು ಸುಮಾರು ಮೂರು ಪಟ್ಟು ಸಿಲಿಕಾನನ್ನು ನುಂಗುತ್ತದೆಂದು ಮೈಕ್ರಾನ್ ತಾನೇ ಹೇಳಿದೆ. 2025ರ ಅಕ್ಟೋಬರ್ 1ರಂದು ಓಪನ್‌ಎಐ ಸಂಸ್ಥೆಯು ಸ್ಯಾಮ್‌ಸಂಗ್ ಮತ್ತು ಹೈನಿಕ್ಸ್‌ಗಳೊಡನೆ ತಿಂಗಳಿಗೆ 9 ಲಕ್ಷ ಬಿಲ್ಲೆಗಳ ಮಟ್ಟದ ಪೂರೈಕೆಯ ಮಾತುಕತೆಯನ್ನು ಪ್ರಕಟಿಸಿತು. ಡಿಸೆಂಬರ್ 3ರಂದು ಮೈಕ್ರಾನ್, ಮನೆ ಬಳಕೆದಾರರಿಗೆ ಮೆಮೊರಿ ಮಾರುತ್ತಿದ್ದ ತನ್ನ ಕ್ರೂಷಿಯಲ್ ವ್ಯಾಪಾರದಿಂದಲೇ ಹೊರನಡೆಯುವುದಾಗಿ ಸಾರಿತು. ಸುಮಾರು ಮೂರು ದಶಕಗಳ ಅಂಗಡಿ ಅದು. ಚಿಲ್ಲರೆ ಗಿರಾಕಿಗಿಂತ ಸಗಟು ಗಿರಾಕಿ ಲಾಭ ಎಂದು ಕಂಡಮೇಲೆ ವರ್ತಕ ಮಾಡುವುದನ್ನೇ ಅದೂ ಮಾಡಿತು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ದುಪ್ಪಟ್ಟನ್ನೂ ಮೀರಿ ಏರಿತು. ಮಗಳ ಓದಿಗೆಂದು ಕಂಪ್ಯೂಟರು ಕೊಳ್ಳಹೋದ ತಂದೆಯೂ ಆಟಕ್ಕೆಂದು ಕೊಳ್ಳಹೋದ ತರುಣನೂ ಈ ಸುಂಕವನ್ನು ಸಮನಾಗಿ ತೆತ್ತರು. ಅವರು ಮರಾಠಿಗರೋ ಕನ್ನಡಿಗರೋ ಎಂದು ಮಾರುಕಟ್ಟೆ ಕೇಳಲಿಲ್ಲ.

ಅಂದರೆ, ಆ ದತ್ತಾಂಶ ಕೇಂದ್ರಗಳಲ್ಲಿ ಬೆಳೆಯುತ್ತಿರುವ ಬುದ್ಧಿಗೆ ನಮ್ಮ ಕಿಸೆಯಿಂದಲೂ ವಂತಿಗೆ ಹೋಗಿದೆ. ವಂತಿಗೆ ಕೊಟ್ಟವನಿಗೆ ಪಂಕ್ತಿಯಲ್ಲಿ ಎಲೆ ಹಾಕಬೇಕಾದದ್ದು ನ್ಯಾಯ. ಎರಡನೆಯ ಸುಂಕದ ಕಥೆ ಆರಂಭವಾಗುವುದು ಇಲ್ಲಿಂದ.

ಯಂತ್ರಕ್ಕೆ ಅಕ್ಷರ ಕಾಣುವುದಿಲ್ಲ. ಸಂಖ್ಯೆ ಮಾತ್ರ ಕಾಣುತ್ತದೆ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರಕಿತು ಎಂಬುದು ಹೆಮ್ಮೆಯ ವಿಷಯ. ಆದರೆ ಇಂದು ಅಂತರಜಾಲದಲ್ಲೆಲ್ಲ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. 'ಕನ್ನಡ' ಎಂಬ ಪದವನ್ನೇ ನೋಡಿ. ನಮ್ಮ ಕಣ್ಣಿಗೆ ಮೂರು ಅಕ್ಷರ. ಯಂತ್ರಕ್ಕೆ ಕ, ನ, ವಿರಾಮ ಚಿಹ್ನೆ, ಮತ್ತೊಂದು ನ, ಡ ಎಂಬ ಐದು ಸಂಕೇತ, ಒಟ್ಟು 15 ಬೈಟ್. ಅದನ್ನೇ ರೋಮನ್ ಲಿಪಿಯಲ್ಲಿ ಬರೆದರೆ ಏಳು ಅಕ್ಷರ, ಏಳೇ ಬೈಟ್. ಹಳೆಯ ಎಸ್‌ಎಂಎಸ್ ಕಾಲದಲ್ಲಿಯೂ ಇಂಥದ್ದೇ ಲೆಕ್ಕವಿತ್ತು: ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಸುತ್ತಿದ್ದ ಸಂದೇಶಕ್ಕೆ ಕನ್ನಡದಲ್ಲಿ 70 ಸಂಕೇತಗಳ ಮಿತಿ. ನಮ್ಮವರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಕಲಿತದ್ದು ಕೇವಲ ಸೋಮಾರಿತನದಿಂದಲ್ಲ. ಅದರ ಹಿಂದೆ ಈ ದರಪಟ್ಟಿಯೂ ಇತ್ತು.

ಭಾಷಾ ಮಾದರಿಗಳು ಓದುವ ಮೊದಲು ಪಠ್ಯವನ್ನು ತುಣುಕುಗಳಾಗಿ ಒಡೆಯುತ್ತವೆ. ಅವಕ್ಕೆ ಟೋಕನ್ ಎಂದು ಹೆಸರು. ತರಬೇತಿಯಲ್ಲಿ ಹೆಚ್ಚು ಕಂಡ ಭಾಷೆಯ ಇಡೀ ಪದವೇ ಒಂದು ತುಣುಕಾಗುತ್ತದೆ. ಅಪರೂಪವಾಗಿ ಕಂಡ ಭಾಷೆ ಚೂರುಚೂರಾಗುತ್ತದೆ. ಕಂಪನಿಗಳು ಹಣ ಕೇಳುವುದು ತುಣುಕಿನ ಲೆಕ್ಕದಲ್ಲಿ. ಯಂತ್ರ ಒಂದು ಸಲಕ್ಕೆ ನೆನಪಿಟ್ಟುಕೊಳ್ಳುವ ಮಿತಿಯೂ ತುಣುಕಿನ ಲೆಕ್ಕದಲ್ಲೇ. ಆದ್ದರಿಂದ ಒಂದೇ ಮಾತನ್ನು ಹೇಳಲು ಹೆಚ್ಚು ತುಣುಕು ಬೇಕಾದ ಭಾಷೆಯವನು ಹೆಚ್ಚು ತೆರುತ್ತಾನೆ, ಹೆಚ್ಚು ಕಾಯುತ್ತಾನೆ, ಬೇಗ ಮಿತಿ ಮುಟ್ಟುತ್ತಾನೆ. ಭಾಷೆಯಿಂದ ಭಾಷೆಗೆ ಈ ಅಂತರ 15 ಪಟ್ಟಿನವರೆಗೂ ಹೋಗಬಹುದೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಇದು ಕನ್ನಡದ ಸ್ವಭಾವದ ದೋಷ, ಒತ್ತಕ್ಷರ ಮತ್ತು ವಿಭಕ್ತಿ ಪ್ರತ್ಯಯಗಳ ಭಾಷೆಗೆ ಇದು ಅನಿವಾರ್ಯ ಎನ್ನುವ ಪಂಡಿತರಿದ್ದಾರೆ. ಅವರಿಗೆ ಉತ್ತರ ಕಂಪನಿಗಳ ಲೆಕ್ಕದಲ್ಲೇ ಇದೆ. 2024ರ ಮೇ ತಿಂಗಳಲ್ಲಿ ಓಪನ್‌ಎಐ ತನ್ನ ಜಿಪಿಟಿ-4ಒ ಮಾದರಿಯನ್ನು ಬಿಡುಗಡೆ ಮಾಡಿದಾಗ, ಒಂದೇ ಅರ್ಥದ ಮಾತು 20 ಭಾಷೆಗಳಲ್ಲಿ ಎಷ್ಟು ತುಣುಕಾಗುತ್ತದೆಂಬ ಪಟ್ಟಿಯನ್ನು ಹೆಮ್ಮೆಯಿಂದ ಪ್ರಕಟಿಸಿತು. ತೆಲುಗಿನಲ್ಲಿ ಹಿಂದೆ 159 ತುಣುಕಾಗುತ್ತಿದ್ದದ್ದು 45ಕ್ಕೆ ಇಳಿಯಿತು. ಮರಾಠಿ 96ರಿಂದ 33ಕ್ಕೆ, ತಮಿಳು 116ರಿಂದ 35ಕ್ಕೆ, ಗುಜರಾತಿ 145ರಿಂದ 33ಕ್ಕೆ. ಇಂಗ್ಲಿಷಿನಲ್ಲಿ ಅದು ಮೊದಲೂ ಬರೀ 27 ಇತ್ತು, ಈಗ 24. ಈ ಪಟ್ಟಿ ಎರಡು ಸತ್ಯ ಹೇಳುತ್ತದೆ. ಲಿಪಿಯಲ್ಲೂ ವ್ಯಾಕರಣದಲ್ಲೂ ಕನ್ನಡದ ಒಡಹುಟ್ಟಾದ ತೆಲುಗಿನ ಸುಂಕ ಒಂದೇ ದಿನ ಮೂರೂವರೆ ಪಟ್ಟು ಇಳಿಯಬಹುದಾದರೆ, ಆ ಸುಂಕ ಭಾಷೆಯ ಗುಣದಿಂದ ಬಂದದ್ದಲ್ಲ. ಕಟ್ಟಿದವರ ಉದಾಸೀನದಿಂದ ಬಂದದ್ದು. ಮನಸ್ಸು ಮಾಡಿದರೆ ಹೋಗುವಂಥದ್ದು. ಇದು ಮೊದಲ ಸತ್ಯ. ಆ 20 ಭಾಷೆಗಳ ಪಟ್ಟಿಯಲ್ಲಿ ಕನ್ನಡದ ಹೆಸರೇ ಇರಲಿಲ್ಲ. ಇದು ಎರಡನೆಯದು.

ಪಟ್ಟಿಯಲ್ಲಿ ಇಲ್ಲದಿರುವುದು ನಮಗೆ ಹೊಸತಲ್ಲ. 2016ರ ಡಿಸೆಂಬರಿನಲ್ಲಿ ಅಮೆಜಾನ್ ತನ್ನ ಕಿಂಡಲ್‌ಗೆ ಭಾರತದ ಐದು ಭಾಷೆಗಳ ಪುಸ್ತಕಗಳನ್ನು ತಂದಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಆಗಲೂ ಕನ್ನಡವಿರಲಿಲ್ಲ. ಕಂಪ್ಯೂಟರ್ ಆಟಗಳ ದೊಡ್ಡ ಸಂತೆಯಾದ ಸ್ಟೀಮ್ ವೇದಿಕೆಯ ಮುಖವನ್ನು ಫಿನ್ನಿಷ್, ಡ್ಯಾನಿಷ್, ಹಂಗೇರಿಯನ್ ಭಾಷೆಗಳಲ್ಲಿ ನೋಡಬಹುದು; ಭಾರತದ ಯಾವ ಭಾಷೆಯಲ್ಲೂ ಅಲ್ಲ. ಫಿನ್ಲೆಂಡಿನ ಇಡೀ ಜನಸಂಖ್ಯೆ ಸುಮಾರು 56 ಲಕ್ಷ. 2011ರ ಜನಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು 4 ಕೋಟಿ 37 ಲಕ್ಷ. ಸಂಖ್ಯೆಯೇ ಮಾನದಂಡವಾಗಿದ್ದರೆ ಈ ಕ್ರಮ ತಲೆಕೆಳಗಾಗಬೇಕಿತ್ತು. ಆದುದರಿಂದ ಮಾರುಕಟ್ಟೆ ಸಂಖ್ಯೆಯನ್ನು ನೋಡುತ್ತದೆಂಬ ಮಾತು ಅರ್ಧಸತ್ಯ. ಅದು ಕೇಳುವವರ ಸಂಖ್ಯೆಯನ್ನು ನೋಡುತ್ತದೆ. ಫಿನ್ಲೆಂಡಿನವನು ತನ್ನ ಭಾಷೆ ಇರುವುದು ಸಹಜವೆಂದು ತಿಳಿದಿದ್ದಾನೆ. ಕನ್ನಡಿಗನು ಇಲ್ಲದಿರುವುದು ಸಹಜವೆಂದು ತಿಳಿದಿದ್ದಾನೆ.

ಇಷ್ಟು ತೆತ್ತಮೇಲಾದರೂ ಸಿಗುವ ಸರಕು ಹೇಗಿದೆ? 2021ರ ಜೂನ್ 3ರಂದು ಗೂಗಲ್ ಶೋಧಕವು ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂಬ ಪ್ರಶ್ನೆಗೆ ಕನ್ನಡವೆಂದು ಉತ್ತರಿಸಿ, ಆಕ್ರೋಶದ ನಂತರ ಕ್ಷಮೆ ಕೇಳಿತು. ಎಲ್ಲೋ ಮೂಲೆಯ ಪುಟವೊಂದರಿಂದ ಎತ್ತಿದ ಮಾತನ್ನು ಯಂತ್ರ ತನ್ನ ತೀರ್ಪೆಂಬಂತೆ ಚೌಕಟ್ಟು ಹಾಕಿ ತೋರಿಸಿತ್ತು. 2025ರ ಜುಲೈಯಲ್ಲಿ ಹಿರಿಯ ನಟಿ ಬಿ. ಸರೋಜಾದೇವಿ ನಿಧನರಾದಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕಚೇರಿಯ ಕನ್ನಡ ಸಂದೇಶವನ್ನು ಮೆಟಾ ಕಂಪನಿಯ ಸ್ವಯಂಚಾಲಿತ ಅನುವಾದ ಇಂಗ್ಲಿಷಿಗೆ ತಿರುಗಿಸಿತು. ಅಂತಿಮ ದರ್ಶನ ಪಡೆದ ಮುಖ್ಯಮಂತ್ರಿಯೇ ತೀರಿಹೋದರೆಂದು ಆ ಇಂಗ್ಲಿಷ್ ಹೇಳಿತು. ಮುಖ್ಯಮಂತ್ರಿ ಕಚೇರಿ ಪತ್ರ ಬರೆಯಿತು, ಕಂಪನಿ ಕ್ಷಮೆ ಕೇಳಿ ಸರಿಪಡಿಸಿತು. ಮುಖ್ಯಮಂತ್ರಿಯ ಮಾತು ಕೆಟ್ಟರೆ ಕ್ಷಮೆ ಸಿಗುತ್ತದೆ. ನಾಸಿಕ್‌ನ ಬಾಡಿಗೆ ಮನೆಯಿಂದ ಆಸ್ಪತ್ರೆಯ ಚೀಟಿಯನ್ನು ಅನುವಾದಿಸಿಕೊಳ್ಳುವ ಮುದುಕಿಯ ಮಾತು ಕೆಟ್ಟರೆ ಯಾರಿಗೆ ಪತ್ರ ಬರೆಯಬೇಕು?

ಇಲ್ಲಿ ಹೊರನಾಡಿನ ವಿಷಯ ಬರುತ್ತದೆ. ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು 2011ರ ಗಣತಿಯಂತೆ ಸುಮಾರು ಹತ್ತು ಲಕ್ಷ. ಅವರಲ್ಲಿ ಅಕ್ಕಲಕೋಟೆ, ಜತ್ತ, ಸೊಲ್ಲಾಪುರಗಳ ಕನ್ನಡಿಗನಿಗೆ ಬೀದಿಯಲ್ಲಿ ಕನ್ನಡವಿದೆ. ಮುಂಬಯಿ ಕನ್ನಡಿಗನಿಗೆ ನೂರು ವರ್ಷದ ಸಂಘಗಳಿವೆ. ನಾಸಿಕ್, ಸಂಭಾಜಿನಗರಗಳ ಕನ್ನಡಿಗನಿಗೆ ಇವೆರಡೂ ಅಷ್ಟಾಗಿ ಇಲ್ಲ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಎಚ್‌ಎಎಲ್ 1964ರಲ್ಲಿ ತೆರೆದ ಓಝರ್ ವಿಭಾಗ, ಸಾತಪುರ ಮತ್ತು ಅಂಬಡದ ಕಾರ್ಖಾನೆಗಳು, ವಾಳೂಜ್ ಮತ್ತು ಶೇಂದ್ರಾದ ಕೈಗಾರಿಕಾ ವಸಾಹತುಗಳು, ಬ್ಯಾಂಕು, ಸೈನ್ಯ, ಹೋಟೆಲು ಎಂದು ಚದುರಿ ಬಂದವರು ಇಲ್ಲಿನವರು. ಮಕ್ಕಳ ಶಾಲೆ ಮರಾಠಿಯದು ಅಥವಾ ಇಂಗ್ಲಿಷಿನದು. ಬಸ್ಸಿನ ಫಲಕ, ಅಂಗಡಿಯ ಹೆಸರು, ನೆರೆಮನೆಯ ಮಾತು ಮರಾಠಿ. ಅದು ಹಾಗಿರುವುದೇ ಸರಿ. ಕುಸುಮಾಗ್ರಜರ ಊರಿನಲ್ಲಿ ನಿಂತು ಮರಾಠಿಯ ಮೇಲೆ ದೂರುವಷ್ಟು ಕೃತಘ್ನರು ನಾವಲ್ಲ. ಆದರೆ ಇಂಥ ಊರಿನಲ್ಲಿ ಬೆಳೆಯುವ ಮಗುವಿಗೆ ತಂದೆತಾಯಿಯ ಬಾಯನ್ನು ಬಿಟ್ಟರೆ ಕನ್ನಡ ಕಾಣುವ ಒಂದೇ ಜಾಗ ಕೈಯಲ್ಲಿರುವ ಯಂತ್ರ. ಧಾರವಾಡದ ಹುಡುಗನ ಫೋನಿನಲ್ಲಿ ಕನ್ನಡ ಇಲ್ಲದಿದ್ದರೆ ಅದು ಅನನುಕೂಲ. ಇಲ್ಲಿನ ಹುಡುಗನ ಫೋನಿನಲ್ಲಿ ಕನ್ನಡ ಇಲ್ಲದಿದ್ದರೆ ಅದು ಕನ್ನಡದ ಕೊನೆ. ಅವನು ಆಟದಲ್ಲಿ ಜೊತೆಗಾರರೊಡನೆ ಹಿಂದಿಯಲ್ಲಿ ಕೂಗುತ್ತಾನೆ, ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳುತ್ತಾನೆ, ಅಜ್ಜಿಗೆ ರೋಮನ್ ಲಿಪಿಯಲ್ಲಿ ಬರೆಯುತ್ತಾನೆ. ಅಜ್ಜಿಗೆ ಅದನ್ನು ಓದಲು ಬಾರದು.

ಈ ಊರುಗಳಲ್ಲಿ ಕನ್ನಡಿಗರು ಸೇರಿದಾಗ ಆಗಾಗ ಕೇಳುವ ಸಮಾಧಾನದ ಮಾತೊಂದಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿನ ಉತ್ತರದ ಗಡಿಯಾಗಿ ಹೇಳಿದ್ದು ಗೋದಾವರಿಯನ್ನೇ. ಆ ನದಿ ಹುಟ್ಟುವುದು ನಾಸಿಕ್ ಬಳಿಯ ತ್ರ್ಯಂಬಕೇಶ್ವರದಲ್ಲಿ, ಹರಿಯುವುದು ಸಂಭಾಜಿನಗರ ಜಿಲ್ಲೆಯ ಪೈಠಣದ ಪಕ್ಕದಲ್ಲಿ. ವೇರುಳದ ಕೈಲಾಸವನ್ನು ಕೊರೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಇವೆಲ್ಲ ನಿಜ. ಆದರೆ ಕೈಲಾಸದ ಮುಂದೆ ನಿಂತು ತೆಗೆದ ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಬರೆದು ಹಂಚುವ ಅಭಿಮಾನದಿಂದ ಕನ್ನಡಕ್ಕೆ ಆಗುವ ಲಾಭವೇನು? ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕೊರೆದವರು ತಮ್ಮ ಕಾಲದ ಅತ್ಯಂತ ಕಷ್ಟದ ತಂತ್ರವನ್ನು ತಮ್ಮದಾಗಿಸಿಕೊಂಡವರು. ನಮ್ಮ ಕಾಲದ ಬಂಡೆ ಬೇರೆ. ಹಳೆಯ ಬಂಡೆಯ ಹೆಮ್ಮೆ ಹೊಸ ಬಂಡೆಯನ್ನು ಕೊರೆಯಲಾರದು.

ನಾಸಿಕ್ ನಮಗೆ ಕಲಿಸಬಹುದಾದ ಎರಡು ಪಾಠಗಳು ನಮ್ಮ ಕಣ್ಣೆದುರೇ ಇವೆ. 1870ರಲ್ಲಿ ತ್ರ್ಯಂಬಕದಲ್ಲಿ ಹುಟ್ಟಿದ ದಾದಾಸಾಹೇಬ ಫಾಲ್ಕೆ 1912ರಲ್ಲಿ ಲಂಡನ್ನಿಗೆ ಹೋಗಿ ವಿಲಿಯಮ್ಸನ್ ಕ್ಯಾಮೆರಾ ಕೊಂಡು ತಂದರು. ಮುಂದಿನ ವರ್ಷ ಅದೇ ಪರದೇಶಿ ಯಂತ್ರದಿಂದ ಹರಿಶ್ಚಂದ್ರನ ಕಥೆ ಹೇಳಿದರು. ಆ ಮೂಕಿಚಿತ್ರದ ಬರಹ ಫಲಕಗಳಲ್ಲಿ ಇಂಗ್ಲಿಷಿನ ಜೊತೆಗೆ ದೇಶಭಾಷೆಯೂ ಇತ್ತು. ಯಂತ್ರ ಪರದೇಶದ್ದು ಎಂಬುದು ಭಾಷೆಯನ್ನು ಬಿಟ್ಟುಕೊಡಲು ಕಾರಣವಾಗಲಿಲ್ಲ. ಎರಡನೆಯ ಪಾಠ ನಾಸಿಕ್ ರೋಡಿನ ಕರೆನ್ಸಿ ನೋಟ್ ಪ್ರೆಸ್ಸಿನದು. 1928ರ ಆ ಮುದ್ರಣಾಲಯದಿಂದ ಹೊರಬರುವ ನೋಟಿನ ಹಿಂಬದಿಯಲ್ಲಿ 15 ಭಾಷೆಗಳಿವೆ. ನಾಲ್ಕನೆಯ ಸಾಲು ಕನ್ನಡದ್ದು. ನಾಸಿಕ್‌ನಲ್ಲಿ ಎಷ್ಟು ಜನ ಕನ್ನಡ ಓದಬಲ್ಲರು, ಇಟಾನಗರದಲ್ಲಿ ಎಷ್ಟು ಜನ ಓದಬಲ್ಲರು ಎಂದು ಯಾರೂ ಲೆಕ್ಕ ಹಾಕಿ ಅದನ್ನು ಮುದ್ರಿಸುವುದಿಲ್ಲ. ನಿಯಮ ಇದೆ, ಆದ್ದರಿಂದ ಕನ್ನಡ ಇದೆ. ಲಾಭನಷ್ಟದ ಪ್ರಶ್ನೆಯೇ ಏಳದ ಜಾಗವೊಂದರಲ್ಲಿ ನಮ್ಮ ಭಾಷೆಗೆ ಖಾಯಂ ಸ್ಥಾನ ಸಿಕ್ಕಿರುವುದು ನಿಯಮದಿಂದ.

ಯಂತ್ರಗಳಿಗೂ ಇಂಥ ನಿಯಮ ಸಾಧ್ಯವೇ ಎಂದು ನಗಬೇಕಾಗಿಲ್ಲ. ಅದು ಈಗಾಗಲೇ ಅರ್ಧ ಇದೆ. ಐಎಸ್ 16333 ಎಂಬ ಮಾನಕದ ಮೂರನೆಯ ಭಾಗವನ್ನು ಕೇಂದ್ರ ಸರ್ಕಾರ 2016ರಲ್ಲಿ ಕಡ್ಡಾಯಗೊಳಿಸಲು ಸೂಚಿಸಿತು. ಭಾರತದಲ್ಲಿ ಮಾರುವ ಪ್ರತಿಯೊಂದು ಮೊಬೈಲಿನಲ್ಲೂ 22 ಭಾಷೆಗಳ ಸಂದೇಶ ಓದಲು ಬರಬೇಕು. ಇಂಗ್ಲಿಷ್, ಹಿಂದಿ ಮತ್ತು ಕನಿಷ್ಠ ಇನ್ನೊಂದು ಭಾರತೀಯ ಭಾಷೆಯಲ್ಲಿ ಬರೆಯಲು ಬರಬೇಕು. ಇಂದು ಅಗ್ಗದ ಫೋನಿನಲ್ಲೂ ಕನ್ನಡ ಅಕ್ಷರ ಚೌಕಗಳಾಗಿ ಒಡೆಯದೆ ಕಾಣುವುದಕ್ಕೆ ಕಂಪನಿಗಳ ಔದಾರ್ಯದ ಜೊತೆ ಇಂಥ ಒತ್ತಾಯವೂ ಬೇಕಾಯಿತು. ಆದರೆ ಆ ಮಾನಕ ಅಕ್ಷರದ ಹಂತದಲ್ಲಿ ನಿಂತಿದೆ. ಯಂತ್ರಗಳು ಈಗ ಮಾತಿಗೆ, ಅನುವಾದಕ್ಕೆ, ಉತ್ತರಕ್ಕೆ ಬಂದಿವೆ. ನಮ್ಮ ಬೇಡಿಕೆ ಇಷ್ಟೇ: ಆ ನಿಯಮವನ್ನು ಧ್ವನಿಗೂ ಕೃತಕ ಬುದ್ಧಿಮತ್ತೆಗೂ ವಿಸ್ತರಿಸಬೇಕು. ಕನ್ನಡಕ್ಕೆ ಬೆಂಬಲವಿದೆಯೆಂದು ಜಾಹೀರಾತು ಕೊಡುವ ಕಂಪನಿ, ಒಂದೇ ಪಠ್ಯಕ್ಕೆ ಇಂಗ್ಲಿಷಿಗಿಂತ ಕನ್ನಡ ಎಷ್ಟು ಪಟ್ಟು ತುಣುಕಾಗುತ್ತದೆ, ಧ್ವನಿಯನ್ನು ಬರಹಕ್ಕಿಳಿಸುವಾಗ ನೂರು ಪದಕ್ಕೆ ಎಷ್ಟು ತಪ್ಪುತ್ತದೆ ಎಂಬುದನ್ನು ಡಬ್ಬಿಯ ಮೇಲೆ ಮುದ್ರಿಸಬೇಕು. ಬಿಸ್ಕತ್ತಿನ ಪೊಟ್ಟಣದಲ್ಲಿ ಸಕ್ಕರೆಯ ಪ್ರಮಾಣ ಹೇಳಬೇಕಾದ ದೇಶದಲ್ಲಿ ಇದೇನು ಅತಿಯಾಸೆಯಲ್ಲ. ಕನ್ನಡ ಅಭಿವೃದ್ಧಿ ಪ್ರಾಧಿಕಾರವು ನಾಮಫಲಕಗಳಿಗೆ ಕೊಡುವ ಗಮನದ ಒಂದು ಪಾಲನ್ನು ಈ ಕಡೆಗೆ ತಿರುಗಿಸಿದರೆ, ಅದರ ಫಲ ರಾಜ್ಯದ ಗಡಿಯಲ್ಲಿ ನಿಲ್ಲದೆ ನಮ್ಮವರೆಗೂ ಬರುತ್ತದೆ.

ಸರ್ಕಾರವೇ ಮಾಡಲಿ ಎಂದು ಕೈಕಟ್ಟಿ ಕೂರುವುದೂ ಹೊರನಾಡ ಕನ್ನಡಿಗನ ಪರಂಪರೆಯಲ್ಲ. ಇಂದು ನಾಡೆಲ್ಲ ಬಳಸುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. 1998ರಲ್ಲಿ 'ಬರಹ' ತಂತ್ರಾಂಶ ಕೊಟ್ಟ ಶೇಷಾದ್ರಿವಾಸು ಅಮೆರಿಕೆಯಲ್ಲಿದ್ದವರು. ನಾಡಿನಿಂದ ದೂರ ಇದ್ದವರಿಗೇ ಕನ್ನಡ ಇಲ್ಲದ ಯಂತ್ರ ಮೊದಲು ಚುಚ್ಚಿತು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ ಒಂದೂವರೆ ಲಕ್ಷ ಪದಗಳ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಹೊರಬಂತು. ಯಾವ ಯಂತ್ರ ಕಟ್ಟುವವನೂ ಅದನ್ನು ಬಳಸಿಕೊಳ್ಳಬಹುದು. ಒಬ್ಬ ವ್ಯಕ್ತಿಯಿಂದ ಇಷ್ಟಾದರೆ, ನಮ್ಮ ನೂರಾರು ಸಂಘಗಳಿಂದ ಎಷ್ಟಾಗಬಹುದು?

ಯಂತ್ರ ಕಲಿಯುವುದು ಪಠ್ಯದಿಂದ. ಹೊರನಾಡ ಸಂಘಗಳ ಸ್ಮರಣ ಸಂಚಿಕೆಗಳು, ರಾಜ್ಯೋತ್ಸವದ ಭಾಷಣಗಳು, ಸದಸ್ಯರ ನೆನಪುಗಳು, ಅಡುಗೆಯ ಮಾತುಗಳು ಎಲ್ಲವೂ ಕಪಾಟಿನಲ್ಲಿ ಕಾಗದವಾಗಿ ಕೂತಿವೆ. ಅಂತರಜಾಲಕ್ಕೆ ಬಂದರೂ ಚಿತ್ರದ ರೂಪದಲ್ಲೋ ಹಳೆಯ ಅಕ್ಷರವಿನ್ಯಾಸದ ಕಡತವಾಗಿಯೋ ಬರುತ್ತವೆ. ಯಂತ್ರಕ್ಕೆ ಅವು ಬರಿಯ ಮಸಿ. ಅವನ್ನು ಯೂನಿಕೋಡ್ ಪಠ್ಯವಾಗಿ, ಬರೆದವರ ಒಪ್ಪಿಗೆಯೊಡನೆ, ಮುಕ್ತವಾಗಿ ಪ್ರಕಟಿಸುವುದು ಒಂದು ಸಂಘಕ್ಕೆ ಒಂದು ವರ್ಷದ ಕೆಲಸ. ಒಂದು ವಾರ್ಷಿಕೋತ್ಸವದ ಪೆಂಡಾಲಿಗಿಂತ ಅಗ್ಗ. ಧ್ವನಿಯೂ ಹಾಗೆಯೇ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯ 'ಭಾಷಾದಾನ' ಜಾಲತಾಣದಲ್ಲಿ ಯಾರು ಬೇಕಾದರೂ ಕನ್ನಡ ಓದಿ ಧ್ವನಿ ಕೊಡಬಹುದು. ಮರಾಠಿ ಬೆರೆತ ನಮ್ಮ ಉಚ್ಚಾರ, ಸೊಲ್ಲಾಪುರದ ರಾಗ, ಮಂಗಳೂರಿನಿಂದ ಬಂದ ಹೋಟೆಲಿನವರ ಮಾತು ಅಲ್ಲಿ ಸೇರದಿದ್ದರೆ, ಯಂತ್ರ ಕಲಿಯುವ ಕನ್ನಡದಲ್ಲಿ ನಾವು ಇರುವುದಿಲ್ಲ. ನಮ್ಮ ಮಕ್ಕಳ ಕನ್ನಡವನ್ನು ಅದು ತಪ್ಪೆಂದು ತಿದ್ದುತ್ತದೆ.

ನಾವು ಕೊಟ್ಟ ಪಠ್ಯದಿಂದ ಕಂಪನಿಗಳು ಲಾಭ ಮಾಡಿಕೊಳ್ಳುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಮಾಡಿಕೊಳ್ಳುತ್ತವೆ. ಆದರೆ ಮುಕ್ತವಾಗಿ ಕೊಟ್ಟದ್ದು ಅವರೊಬ್ಬರ ಸೊತ್ತಾಗುವುದಿಲ್ಲ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ 22 ಭಾಷೆಗಳಿಗೆ ಅನುವಾದದ ಮುಕ್ತ ಮಾದರಿಯನ್ನು 2023ರಲ್ಲಿ ಕೊಟ್ಟಿತು; 2024ರ ಆರಂಭದಲ್ಲಿ ಅಂಬಾರಿ, ಕನ್-ಲಾಮಾ ಎಂಬ ಸಣ್ಣ ಕನ್ನಡ ಮಾದರಿಗಳು ಸಣ್ಣ ತಂಡಗಳಿಂದ ಬಂದವು. ಇಂಥವರ ಕೈ ಕಟ್ಟಿರುವುದು ಪಠ್ಯದ ಬಡತನ. ದೊಡ್ಡ ಕಂಪನಿಗೆ ಕನ್ನಡ ಇಲ್ಲದೆಯೂ ನಡೆಯುತ್ತದೆ, ಇವರಿಗೆ ನಡೆಯದು. ಬೀಗ ಹಾಕಿಟ್ಟ ಕಪಾಟಿನಿಂದ ನಷ್ಟವಾಗುವುದು ಇವರಿಗೆ.

ಮುಂದಿನ ಯಂತ್ರದ ಗಾಳಿಸುದ್ದಿ ನಾಳೆಯೂ ಬರುತ್ತದೆ. ಓದಿ, ಹಂಚಿ, ಬೇಕಾದರೆ ಕೊಳ್ಳಿ. ಕೊಳ್ಳುವ ಮುನ್ನ ಅಂಗಡಿಯ ಗಲ್ಲೆಯ ಮುಂದೆ, ಮಕ್ಕಳ ಎದುರಿಗೇ, ನಾಲ್ಕು ಪ್ರಶ್ನೆ ಕೇಳಿ: ಇದರ ಮುಖಪುಟ ಕನ್ನಡದಲ್ಲಿ ಬರುತ್ತದೆಯೇ, ಕನ್ನಡ ಕೀಲಿಮಣೆ ಇದೆಯೇ, ಕನ್ನಡದಲ್ಲಿ ಹೇಳಿದರೆ ಬರೆದುಕೊಳ್ಳುತ್ತದೆಯೇ, ಕನ್ನಡವನ್ನು ಓದಿ ಹೇಳುತ್ತದೆಯೇ? ಅಂಗಡಿಯ ಹುಡುಗ ಮೊದಲ ಸಲ ನಗುತ್ತಾನೆ. ಹತ್ತನೆಯ ಗಿರಾಕಿಯೂ ಅದನ್ನೇ ಕೇಳಿದರೆ ವಿತರಕನಿಗೆ ಫೋನು ಮಾಡುತ್ತಾನೆ. ಸುಂಕವನ್ನು ಹೇಗೂ ತೆರುತ್ತಿದ್ದೇವೆ. ರಸೀದಿ ಕೇಳುವ ಹಕ್ಕು ನಮಗಿದೆ, ಅದನ್ನು ಕನ್ನಡದಲ್ಲೇ ಕೇಳೋಣ.